ಲಿಂಕ್ ಕಳಿಸುವ ಮೊದಲು ಒಂದು ಫೋನ್ ಮಾಡಿ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿದೆ. ಹಲಸಿನಕಾಯಿ ಹಪ್ಪಳ, ಮಾಂಬಳ (ಮಾವಿನ ಹಣ್ಣಿನ ರಸ ಒಣಗಿಸಿದ್ದು), ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಎರಡು ವರ್ಷದ ಹಿಂದೆ ಅಕ್ಕನ ಮಗ ಒಂದು ವೆಬ್‌ಸೈಟ್ ಮಾಡಿಕೊಟ್ಟ. ಅವತ್ತೇ ಅದರ ಲಿಂಕನ್ನು ಕುಟುಂಬದ್ದು, ಶಾಲೆಯದ್ದು, ಭಜನೆಯದ್ದು ಅಂತ ಎಲ್ಲ ವಾಟ್ಸಾಪ್ ಗ್ರೂಪುಗಳಿಗೂ ಹಾಕಿದೆ. ಹೆಬ್ಬೆರಳಿನ ಗುರುತು ತುಂಬಾ ಬಂತು. ಒಂದು ತಿಂಗಳಲ್ಲಿ ಬಂದ ಆರ್ಡರ್ ಮಾತ್ರ ಎರಡೇ.

ಆಮೇಲೆ ಒಂದು ನೋಟ್‌ಪುಸ್ತಕ ಹಿಡಿದು ಕೂತೆ. ನೀವೂ ಇಲ್ಲಿಂದಲೇ ಶುರು ಮಾಡಿ. ಯಾರು ಕೊಳ್ಳುತ್ತಾರೆ ಅಂತ ಯೋಚಿಸಬೇಡಿ. "ಇದು ಎಲ್ಲಿ ಸಿಗುತ್ತದೆ?" ಅಂತ ಜನ ಯಾರ ಹತ್ತಿರ ಕೇಳುತ್ತಾರೆ, ಅವರ ಹೆಸರು ಬರೆಯಿರಿ. ನನ್ನ ಪುಸ್ತಕದಲ್ಲಿ ಮೊದಲ ಹೆಸರು ಮದುವೆ, ಉಪನಯನಕ್ಕೆ ಅಡುಗೆ ಮಾಡುವ ಭಟ್ರದ್ದು. ಊಟ ಮುಗಿಸಿದವರು ಅವರನ್ನೇ ಅಲ್ವಾ ಹುಡುಕಿಕೊಂಡು ಹೋಗುವುದು?

ಐವತ್ತು ಹಪ್ಪಳ ಕಟ್ಟಿಕೊಂಡು ಅವರಲ್ಲಿಗೆ ಹೋದೆ. ಅವರು ಬಾಣಲೆಯ ತೆಂಗಿನೆಣ್ಣೆಗೆ ಒಂದನ್ನು ಬಿಟ್ಟರು. ಅದು ಅರಳಿದ ಕೂಡಲೇ ತೆಗೆದು, ಅಂಚು ಮುರಿದು, ಬೆರಳಿಗೆ ಎಣ್ಣೆ ಹತ್ತುತ್ತದಾ ಅಂತ ನೋಡಿದರು. "ಎಣ್ಣೆ ಕುಡಿಯುವುದಿಲ್ಲ, ಒಳ್ಳೇದುಂಟು" ಎಂದರು. ಆಗ ನಾನು ಕೇಳಿದ್ದು ಇಷ್ಟೇ: "ಭಟ್ರೇ, ಯಾರಾದರೂ ಕೇಳಿದರೆ ಈ ಚೀಟಿ ಕೊಡುತ್ತೀರಾ?" ಚೀಟಿಯಲ್ಲಿ ವೆಬ್‌ಸೈಟಿನ ಹೆಸರು, ಅದನ್ನೇ ತೆರೆಯುವ ಕ್ಯೂಆರ್ ಕೋಡ್, ನನ್ನ ಫೋನ್ ನಂಬರು. "ಸ್ವಲ್ಪ ಪ್ರಚಾರ ಮಾಡಿ" ಅಂದರೆ ಏನು ಮಾಡಬೇಕು ಅಂತ ಯಾರಿಗೂ ತಿಳಿಯುವುದಿಲ್ಲ. ಒಬ್ಬರಿಗೆ ಒಂದೇ ಕೆಲಸ ಹೇಳಿ. ಅದೂ ಅವರು ನಿಂತಲ್ಲೇ ಮಾಡಬಹುದಾದ ಕೆಲಸ.

ದೂರದವರಿಗೆ ಫೋನ್ ಮಾಡಿ. ಮೊದಲು ಸೌಖ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬನ್ನಿ. ಬೆಂಗಳೂರಿನ ಚಿಕ್ಕಮ್ಮನಿಗೆ ನಾನು ಹೇಳಿದ್ದು ಹೀಗೆ: "ಚಿಕ್ಕಮ್ಮ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕಡೆಯವರು ಇದ್ದಾರಲ್ಲ, ಅವರಿಗೆ ನಿಮ್ಮದೇ ಮಾತಿನಲ್ಲಿ ಎರಡು ಸಾಲು ಬರೆದು ಲಿಂಕ್ ಹಾಕುತ್ತೀರಾ? ನನ್ನ ಮೆಸೇಜ್ ಫಾರ್ವರ್ಡ್ ಮಾಡುವುದು ಬೇಡ." ಫಾರ್ವರ್ಡ್ ಆಗಿ ಬಂದದ್ದನ್ನು ಜನ ಸುಮ್ನೆ ಸರಿಸಿಬಿಡುತ್ತಾರೆ. ಚಿಕ್ಕಮ್ಮ ಬರೆದದ್ದು: "ನನ್ನ ಅಕ್ಕನ ಮಗಳು ಮಾಡುವ ಹಪ್ಪಳ. ಮಳೆಗಾಲಕ್ಕೆ ನಾವು ಇದನ್ನೇ ತರಿಸುವುದು." ಆ ಎರಡು ಸಾಲಿಗೆ ಹನ್ನೊಂದು ಆರ್ಡರ್ ಬಂತು.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ಸಂಗತಿ ಉಂಟು. ಒಂದೇ ಅಂಗಡಿಯ ಎದುರು ತುಳು, ಮಲಯಾಳ, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲ ಕೇಳಿಸುತ್ತದೆ. ನನ್ನ ವೆಬ್‌ಸೈಟ್ ಕನ್ನಡದಲ್ಲಿ ಮಾತ್ರ ಇತ್ತು. ಪಕ್ಕದ ಮನೆಯ ಟೀಚರ್‌ಗೆ ಹಪ್ಪಳ ಇಷ್ಟ, ಕನ್ನಡ ಓದಲು ಮಾತ್ರ ಬರುತ್ತಿರಲಿಲ್ಲ. ಅವರೇ ನಮ್ಮ ಜಗಲಿಯಲ್ಲಿ ಕೂತು ಮಲಯಾಳದಲ್ಲಿ ಬರೆದುಕೊಟ್ಟರು. 2018ರಲ್ಲಿ ಕೇರಳ ಸರ್ಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಸಾರಿದ್ದನ್ನೂ ಸೇರಿಸಿದರು. ತಾವೇ ಬರೆದ ಪುಟ ಅಲ್ವಾ, ತಮ್ಮ ಶಾಲೆಯವರಿಗೆಲ್ಲ ತೋರಿಸಿದರು.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯ ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಗ್ರೂಪ್ ಮಾಡದೆ, ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿ ಅದು. ಒಂದು ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ತಲಪುತ್ತದೆ. ಹಾಗಾಗಿ ಪ್ಯಾಕೆಟ್ ಕೊಡುವಾಗಲೇ "ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಹಪ್ಪಳ ಆದಾಗ ತಿಳಿಸಲಾ?" ಅಂತ ಕೇಳಿ. ಬೇಡ ಅಂದವರನ್ನು ಬಿಡಿ. ನಾನು ವರ್ಷಕ್ಕೆ ಎರಡೇ ಸಲ ಕಳಿಸುತ್ತೇನೆ. ಹಲಸಿನಕಾಯಿ ಬೆಳೆದಾಗ ಒಂದು, ಆಟಿಗೆ (ತುಳುವಿನ ಮಳೆಗಾಲದ ತಿಂಗಳು) ಮೊದಲು ಒಂದು. ಗೂಗಲ್ ಮ್ಯಾಪಿನಲ್ಲೂ ವ್ಯಾಪಾರದ ಹೆಸರು, ವೆಬ್‌ಸೈಟ್ ಹಾಕಿಡಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಈಗ ಹೇಳುವುದನ್ನು ದಯವಿಟ್ಟು ಮರೆಯಬೇಡಿ. ಕಳೆದ ವರ್ಷ ಮೇ ತಿಂಗಳಲ್ಲಿ ನಾಲ್ಕು ದಿನ ಬಿಡದೆ ಮಳೆ ಬಂತು. ಚಾಪೆಯ ಮೇಲೆ ಹರಡಿದ್ದ ಹಪ್ಪಳ ಪೂರಾ ಬೂಷ್ಟು ಹಿಡಿಯಿತು. ವೆಬ್‌ಸೈಟಿನಲ್ಲಿ "ಮುಗಿದಿದೆ" ಅಂತ ಹಾಕಲು ನನಗೆ ನೆನಪಾಗಲಿಲ್ಲ. ಚಿಕ್ಕಮ್ಮನ ನೆರೆಮನೆಯವರು ದುಡ್ಡು ಕಟ್ಟಿ ಮೂರು ವಾರ ಕಾದರು. ಅವರು ನನಗೆ ಒಂದು ಮಾತೂ ಹೇಳಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿದಾಗಲೆಲ್ಲ ಕೇಳಿದ್ದು ಚಿಕ್ಕಮ್ಮನನ್ನು. ನನಗೆ ಬಹಳ ಬೇಸರವಾಯಿತು. ನಾನೇ ಫೋನ್ ಮಾಡಿ ತಪ್ಪಾಯಿತು ಎಂದೆ, ದುಡ್ಡು ವಾಪಸ್ ಹಾಕಿದೆ. ಆಮೇಲೆ ಚಿಕ್ಕಮ್ಮನಿಗೂ ಫೋನ್ ಮಾಡಿದೆ. ಪರಿಚಯದಿಂದ ಬಂದ ಗಿರಾಕಿಗೆ ತೊಂದರೆಯಾದರೆ ಮಾತು ಕೇಳಬೇಕಾದವರು ಪರಿಚಯ ಮಾಡಿಕೊಟ್ಟವರು. ಈಗ ಹಪ್ಪಳ ಒಣಗಿ ಡಬ್ಬಿಗೆ ತುಂಬಿದ ಮೇಲೆಯೇ ಎಷ್ಟು ಕಟ್ಟು ಉಂಟು ಅಂತ ಹಾಕುತ್ತೇನೆ.

ಆರ್ಡರ್ ಫಾರ್ಮಿನಲ್ಲಿ "ನಿಮಗೆ ಹೇಳಿದವರು ಯಾರು?" ಅಂತ ಒಂದು ಸಾಲು ಇಡಿ. ಆ ಹೆಸರನ್ನು ಪುಸ್ತಕಕ್ಕೆ ಇಳಿಸಿ, ಅದೇ ವಾರ ಅವರಿಗೆ ತಿಳಿಸಿ. ಕಮಿಷನ್ ಕೊಡುವುದು ನನಗೆ ಸರಿ ಕಾಣುವುದಿಲ್ಲ. ನೆಂಟರ ನಡುವೆ ಲೆಕ್ಕ ಬಂದರೆ ಮಾತಿನ ತೂಕ ಹೋಗುತ್ತದೆ. ಆಟಿಗೆ ಒಂದು ಕಟ್ಟು ಹಪ್ಪಳ ಕಳಿಸುತ್ತೇನೆ.

ಚೀಟಿ ಮುಗಿಯಿತು ಅಂತ ಮೊನ್ನೆ ಭಟ್ರು ಹೇಳಿ ಕಳಿಸಿದ್ದಾರೆ. ಈ ಸಲ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ ಹಾಕಿಸುತ್ತೇನೆ. ಅಕ್ಷರ ಸರಿ ಉಂಟಾ ಅಂತ ಟೀಚರ್ ಇವತ್ತು ಸಂಜೆ ಬಂದು ನೋಡುತ್ತಾರೆ.