ಲ.ಸಾ.ಅ.ಗೆ ಚಪ್ಪಾಳೆ: 10 ನಿಮಿಷದ ಪ್ರಸ್ತುತಿಯನ್ನು ನಾನು ಯೋಜಿಸಿದ್ದು ಹೀಗೆ

ಶಿಕ್ಷಕರ ತರಬೇತಿಯಲ್ಲಿ ನಮಗೆಲ್ಲ ಒಂದು ಕೆಲಸ ಕೊಟ್ಟಿದ್ದರು. ಯಾವುದಾದರೂ ಒಂದು ಪಾಠವನ್ನು ಒಂದು ಕಲೆಯ ಜೊತೆ ಸೇರಿಸಿ ಹೇಗೆ ಕಲಿಸಬಹುದು ಅಂತ 10 ನಿಮಿಷದಲ್ಲಿ ತೋರಿಸಬೇಕು. ಮಕ್ಕಳ ಜಾಗದಲ್ಲಿ ಕೂರುವವರು ಸಹಪಾಠಿಗಳೇ. ನಾನು ಆರಿಸಿಕೊಂಡಿದ್ದು ಗಣಿತದ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡೂ ಸಂಖ್ಯೆಗಳಿಂದ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಮತ್ತು ಸಂಗೀತದ ಲಯ.

ಇಂಥ ಕೆಲಸ ಬಂದಾಗ ಹೆಚ್ಚಿನವರು ಕಲೆಯಿಂದ ಶುರು ಮಾಡುತ್ತಾರೆ. "ನನಗೆ ಚಿತ್ರ ಬರುತ್ತೆ, ಹಾಗಾಗಿ ಪೋಸ್ಟರ್ ಮಾಡಿಸ್ತೀನಿ" ಅನ್ನುವ ಲೆಕ್ಕ. ಆಮೇಲೆ ಪೋಸ್ಟರ್‌ಗೆ ಹೊಂದುವ ಪಾಠ ಹುಡುಕುತ್ತಾರೆ. ಕೊನೆಗೆ ಜಲಚಕ್ರದ ಚಿತ್ರಕ್ಕೆ ಬಣ್ಣ ಹಚ್ಚುವಲ್ಲಿಗೆ ಮುಗಿಯುತ್ತದೆ. ಆವಿಯಾಗುವುದು ಅಂದರೆ ಏನು ಅಂತ ಗೊತ್ತಿಲ್ಲದ ಮಗುವೂ ಮೋಡಕ್ಕೆ ಚೆನ್ನಾಗಿ ಬಣ್ಣ ಹಚ್ಚಬಲ್ಲದು, ಅಲ್ವಾ? ಕಲಾ ಶಿಕ್ಷಣದ ಸಂಶೋಧಕಿ ಲಿಯೊರಾ ಬ್ರೆಸ್ಲರ್ 1995ರಲ್ಲಿ ಕಲೆಯನ್ನು ಪಾಠದ ಜೊತೆ ಸೇರಿಸುವ ನಾಲ್ಕು ರೀತಿಗಳನ್ನು ಗುರುತಿಸಿದ್ದರು. ಅದರಲ್ಲೊಂದು, ಕಲೆ ಬೇರೆ ವಿಷಯದ ಕೈಯಾಳಾಗಿ ನಿಲ್ಲುವ ರೀತಿ. ಇನ್ನೊಂದರಲ್ಲಿ ಎರಡಕ್ಕೂ ಸಮಾನ ಸ್ಥಾನ. ಉಳಿದೆರಡರಲ್ಲಿ ಒಂದು ಭಾವನೆ, ಅಭಿವ್ಯಕ್ತಿಗೆ ಸಂಬಂಧಿಸಿದ್ದು, ಮತ್ತೊಂದು ಶಾಲೆಯ ಸಮಾರಂಭ, ಕಾರ್ಯಕ್ರಮಗಳಿಗೆ ಸಂಬಂಧಿಸಿದ್ದು. ನನಗೆ ಬೇಕಿದ್ದು ಸಮಾನ ಸ್ಥಾನದ್ದು.

ಅದಕ್ಕೆ ನಾನು ಇಟ್ಟುಕೊಂಡ ಪರೀಕ್ಷೆ ತುಂಬಾ ಸರಳ. ಕಲೆಯನ್ನು ತೆಗೆದುಹಾಕಿದರೆ ಪಾಠ ಹಾಗೇ ನಿಲ್ಲುತ್ತದಾ? ನಿಲ್ಲುವುದಾದರೆ ಅಲ್ಲಿ ಕಲೆ ಬರೀ ಅಲಂಕಾರ. ಪಾಠದೊಳಗೆ ಇರುವ ಆಕಾರವೇ ಕಲೆಯಲ್ಲೂ ಇರಬೇಕು. 3ರ ಅಪವರ್ತ್ಯಗಳು ಅಂದರೆ ಮೂರು ಮೂರಕ್ಕೆ ಒಮ್ಮೆ ಬರುವ ಒಂದು ಘಟನೆ. ಲಯವೂ ಅದೇ. ಎರಡು ಬೇರೆ ಬೇರೆ ಸುತ್ತುಗಳು ಮತ್ತೆ ಯಾವಾಗ ಒಂದೇ ಕಡೆ ಸೇರುತ್ತವೆ ಅನ್ನುವುದು ಗಣಿತದವರಿಗೆ ಲ.ಸಾ.ಅ., ವಾದ್ಯ ನುಡಿಸುವವರಿಗೆ ದಿನನಿತ್ಯದ ಕೆಲಸ. ಇಲ್ಲಿ ಬಲವಂತವಾಗಿ ಯಾವುದನ್ನೂ ಜೋಡಿಸಬೇಕಾಗಿರಲಿಲ್ಲ.

ಗುರಿ ಎರಡೇ ಬರೆದುಕೊಂಡೆ. ಗಣಿತಕ್ಕೆ ಒಂದು: ಲ.ಸಾ.ಅ. ಅಂದರೆ ಎರಡೂ ಸಂಖ್ಯೆಗಳ ಅಪವರ್ತ್ಯಗಳು ಮೊದಲು ಸೇರುವ ಜಾಗ ಅಂತ ಮಗು ವಿವರಿಸಬೇಕು. ಸಂಗೀತಕ್ಕೆ ಒಂದು: ಪಕ್ಕದ ಗುಂಪು ಬೇರೆ ತಟ್ಟುತ್ತಿದ್ದರೂ ತನ್ನ ಲಯ ಬಿಡದೆ ಹಿಡಿದುಕೊಳ್ಳಬೇಕು. ಎರಡನೆಯದನ್ನು ಬರೆಯದಿದ್ದರೆ ಕಲೆ ಮತ್ತೆ ಕೈಯಾಳಾಗುತ್ತದೆ.

ಇನ್ನು ಚಪ್ಪಾಳೆಯ ವಿಷಯ. ನಿಜವಾದ ಯೋಜನೆ ನಡೆದಿದ್ದು ಇಲ್ಲೇ. ಒಂದು ಗುಂಪು 3 ಎಣಿಕೆಗೊಮ್ಮೆ, ಇನ್ನೊಂದು 4 ಎಣಿಕೆಗೊಮ್ಮೆ ತಟ್ಟಬೇಕು. ಸಂಗೀತದವರ ಅಭ್ಯಾಸ ಸುತ್ತಿನ ಮೊದಲ ಎಣಿಕೆಗೆ ಒತ್ತು ಕೊಡುವುದು. ಹಾಗೆ ಮಾಡಿದರೆ ಮೊದಲ ಗುಂಪು 1, 4, 7, 10ರಲ್ಲಿ ತಟ್ಟುತ್ತದೆ. ಎರಡನೆಯದು 1, 5, 9ರಲ್ಲಿ. ಎರಡೂ ಮತ್ತೆ ಸೇರುವುದು 13ರಲ್ಲಿ! ಲಯದ ದೃಷ್ಟಿಯಿಂದ ಇದು ಸರಿಯೇ, 12 ಎಣಿಕೆ ಕಳೆದ ಮೇಲೆ ಹೊಸ ಸುತ್ತು ಶುರುವಾಗಿದೆ. ಆದರೆ ಬೋರ್ಡಿನ ಮೇಲೆ 12 ಅಂತ ಬರೆದು, ಕಿವಿಗೆ 13 ಕೇಳಿಸಿದರೆ ಮಗು ಯಾವುದನ್ನು ನಂಬಬೇಕು? ಹಾಗಾಗಿ ಸುತ್ತಿನ ಕೊನೆಯ ಎಣಿಕೆಗೆ ತಟ್ಟುವುದು ಅಂತ ತೀರ್ಮಾನಿಸಿದೆ. ಒಂದು, ಎರಡು, ಚಪ್ಪಾಳೆ. ಆಗ 3, 6, 9, 12 ಒಂದು ಕಡೆ, 4, 8, 12 ಇನ್ನೊಂದು ಕಡೆ. ಅಪವರ್ತ್ಯಗಳ ಪಟ್ಟಿಯೇ ಕಿವಿಗೆ ಬೀಳುತ್ತದೆ.

ಎರಡು ಗುಂಪೂ ಚಪ್ಪಾಳೆಯನ್ನೇ ತಟ್ಟಿದರೆ ಯಾರದ್ದು ಯಾವುದು ಅಂತ ತಿಳಿಯುವುದಿಲ್ಲ. ಒಬ್ಬರಿಗೆ ಚಪ್ಪಾಳೆ ಕೊಟ್ಟೆ, ಇನ್ನೊಬ್ಬರಿಗೆ ಮೇಜು ತಟ್ಟುವುದು. ಮೂರನೆಯ ಗುಂಪಿನ ಕೆಲಸ ಸುಮ್ನೆ ಕೇಳುವುದು, ಎರಡೂ ಸದ್ದು ಒಟ್ಟಿಗೆ ಬಂದ ಕೂಡಲೇ ಕೈ ಎತ್ತುವುದು. ಕೇಳಿಸಿಕೊಳ್ಳಲು ಕಷ್ಟ ಇರುವವರಿಗಾಗಿ ತಟ್ಟುವ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ತಟ್ಟಬೇಕು ಅಂತಲೂ ಹೇಳಿದೆ. ಸದ್ದು ಕೇಳದಿದ್ದರೂ ಕಣ್ಣಿಗೆ ಕಾಣುತ್ತದೆ.

ವೇಗಕ್ಕೆ ಮೊಬೈಲಿನ ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ಆ್ಯಪ್) ಇಟ್ಟುಕೊಂಡೆ, ನಿಮಿಷಕ್ಕೆ 80 ಎಣಿಕೆ. 60 ಇಟ್ಟರೆ ಜನ ತಾಳ್ಮೆ ಕಳೆದುಕೊಂಡು ಮುಂದೆ ಓಡುತ್ತಾರೆ. 80ರಲ್ಲಿ 12 ಎಣಿಕೆಗೆ ಬರೀ 9 ಸೆಕೆಂಡ್ ಸಾಕು. ಹಾಗಾಗಿ ಮೊದಲ ಸಲ ಗೊಂದಲ ಆದರೂ ಮತ್ತೆ ಮಾಡಿಸಲು ಸಮಯ ಉಳಿಯುತ್ತದೆ.

ಸಂಖ್ಯೆಗಳ ಆಯ್ಕೆಗೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. 3 ಮತ್ತು 4 ಸುಲಭ, ಆದರೆ ಅದರಲ್ಲೇ ನಿಂತರೆ ಅಪಾಯ. 3×4 ಕೂಡ 12, ಲ.ಸಾ.ಅ. ಕೂಡ 12. ಎರಡು ಸಂಖ್ಯೆಗಳನ್ನು ಗುಣಿಸಿದರೆ ಸಾಕು ಅನ್ನುವ ತಪ್ಪು ತಿಳಿವಳಿಕೆ ಅಲ್ಲಿ ಹಾಯಾಗಿ ಅಡಗಿ ಕೂರುತ್ತದೆ. ಆದ್ದರಿಂದ ಎರಡನೇ ಸುತ್ತಿಗೆ 4 ಮತ್ತು 6 ಇಟ್ಟೆ. ತಟ್ಟುವ ಮೊದಲೇ "ಈಗ ಯಾವ ಎಣಿಕೆಯಲ್ಲಿ ಸೇರುತ್ತೀರಿ?" ಅಂತ ಕೇಳಿ ಉತ್ತರವನ್ನು ಬರೆಸಿಕೊಂಡೆ. ತುಂಬಾ ಜನ 24 ಬರೆದರು. ತಟ್ಟುತ್ತಾ ಹೋದರು. 12 ಬಂದಾಗಲೇ ಚಪ್ಪಾಳೆ, ಮೇಜು ಎರಡೂ ಒಟ್ಟಿಗೆ ಸದ್ದು ಮಾಡಿದವು. ಕೇಳುವ ಗುಂಪಿನ ಕೈಗಳು ಮೇಲೆದ್ದವು, ತಟ್ಟುತ್ತಿದ್ದವರೇ ಅರ್ಧಕ್ಕೆ ನಿಲ್ಲಿಸಿ ನಕ್ಕರು. "ಯಾಕೆ ಇಷ್ಟು ಬೇಗ ಸೇರಿದ್ವಿ?" ಅಂತ ಕೇಳಿದ್ದು ನಾನಲ್ಲ, ಅವರೇ. ಆಗ ಬೋರ್ಡಿನ ಮೇಲೆ 2×2 ಮತ್ತು 2×3 ಬರೆದೆ. ಒಂದು 2 ಎರಡರಲ್ಲೂ ಇದೆ, ಅದನ್ನು ಎರಡು ಸಲ ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ, 2×2×3 ಸಾಕು.

ಸಮಯದ ಹಂಚಿಕೆ ಹೀಗಿತ್ತು: ಪೀಠಿಕೆಗೆ 1 ನಿಮಿಷ, ಎಣಿಕೆ ಕಲಿಸಿ 3-4ರ ಸುತ್ತಿಗೆ 3, 4-6ಕ್ಕೂ ಅದರ ಚರ್ಚೆಗೂ 3, ಬರವಣಿಗೆಗೆ 2, ಕೊನೆಗೆ ಶಿಕ್ಷಕಿಯಾಗಿ ಈ ಆಯ್ಕೆಗಳನ್ನು ಯಾಕೆ ಮಾಡಿದೆ ಅನ್ನುವುದಕ್ಕೆ 1. ಸಿದ್ಧಾಂತವನ್ನು ಮೊದಲೇ ಹೇಳುವ ಆಸೆ ಆಗುತ್ತದೆ, ಬೇಡ. ಕೈ ಕೆಲಸ ಮಾಡಿದ ಮೇಲೆ ಹೇಳಿದರೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಸ್ಲೈಡ್‌ಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಎರಡು ಗುರಿಗಳಿಗೆ ಒಂದು, ಎಣಿಕೆಯ ಚೌಕಗಳಿಗೆ ಒಂದು.

ಆ ಚೌಕಗಳು ಮಾತ್ರ ಮುಖ್ಯ. ಸಾಲಾಗಿ 24 ಮನೆಗಳು, ಪ್ರತಿ ಮನೆಗೆ ಒಂದು ಎಣಿಕೆ. ಚಪ್ಪಾಳೆಗೆ ಮನೆಯ ಮೇಲೆ ಚುಕ್ಕಿ, ಮೇಜಿಗೆ ಮನೆಯ ಕೆಳಗೆ ಚುಕ್ಕಿ. ಸಂಗೀತದಲ್ಲಿ ಇದು ಒಂದು ಬಗೆಯ ಸ್ವರಲಿಪಿ, ಗಣಿತದಲ್ಲಿ ಸಂಖ್ಯಾರೇಖೆ. ಬರವಣಿಗೆಯ 2 ನಿಮಿಷದಲ್ಲಿ 6 ಮತ್ತು 9ಕ್ಕೆ ತಟ್ಟದೆಯೇ ಚುಕ್ಕಿ ಇಡಲು ಹೇಳಿದೆ. ಮೇಲೂ ಕೆಳಗೂ ಚುಕ್ಕಿ ಬೀಳುವ ಮೊದಲ ಮನೆ 18. ಆ ಕಾಗದಗಳೇ ನನ್ನ ಮೌಲ್ಯಮಾಪನ. ಲಯದ ಗುರಿಗೆ ಬೇರೆ ಗುರುತು ಹಾಕಿಕೊಂಡೆ: ಪಕ್ಕದವರ ಜೊತೆ ಸೇರಿಹೋದವರು ಯಾರು, ತಪ್ಪಿದರೂ ಮತ್ತೆ ಎಣಿಕೆ ಹಿಡಿದವರು ಯಾರು. ಎರಡನೆಯವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು, ದೊಡ್ಡ ಸಂಖ್ಯೆಗಳಿಗೂ ಹೀಗೇ ಮಾಡಬಹುದಾ ಅಂತ ಕೇಳಿದರು. 5 ಮತ್ತು 7ಕ್ಕೆ 35 ಎಣಿಕೆ ಕಾಯಬೇಕು. 80ರ ವೇಗದಲ್ಲಿ 26 ಸೆಕೆಂಡಿಗೂ ಸ್ವಲ್ಪ ಹೆಚ್ಚು, ಅಷ್ಟರೊಳಗೆ ಯಾರಾದರೂ ತಪ್ಪುತ್ತಾರೆ. 6 ಮತ್ತು 8ರವರೆಗೆ ಚಪ್ಪಾಳೆ ನಡೆಯುತ್ತದೆ, 24ರಲ್ಲಿ ಸೇರುತ್ತವೆ. ಅದರಾಚೆಗೆ ಚೌಕಗಳಿಗೆ ಹೋಗುವುದೇ ಒಳ್ಳೆಯದು ಅಂತ ಹೇಳಿದೆ.