ಒಂದೇ ಪ್ಯಾರಮೀಸಿಯಂ, ಹಲವು ದ್ರಾವಣ: ರಸದಾನಿಯ ಮಿಡಿತ ಅಳೆದ ನನ್ನ ಅನುಭವ

ಪ್ಯಾರಮೀಸಿಯಂ ಸಿಹಿನೀರಿನ ಏಕಕೋಶ ಜೀವಿ. ಹೊರಗಿನ ನೀರು ತಾನಾಗಿ ಅದರೊಳಕ್ಕೆ ನುಗ್ಗುತ್ತಿರುತ್ತದೆ, ರಸದಾನಿ ಎಂಬ ಗುಳ್ಳೆ ತುಂಬಿ ಖಾಲಿಯಾಗುತ್ತಾ ಅದನ್ನು ಹೊರಹಾಕುತ್ತದೆ. ಹೀಗೆ ಒಮ್ಮೆ ಖಾಲಿಯಾಗುವುದೇ ಒಂದು ಮಿಡಿತ. ಸುತ್ತಲಿನ ದ್ರಾವಣ ಗಾಢವಾದಷ್ಟೂ ಒಳಬರುವ ನೀರು ಕಡಿಮೆ. ಕಾಲೇಜು ದರ್ಜೆಯ ಮೈಕ್ರೋಸ್ಕೋಪಿನಲ್ಲೇ ಪ್ಯಾರಮೀಸಿಯಂ ನಿಮಿಷಕ್ಕೆ ಎಷ್ಟು ನೀರು ಹೊರಹಾಕುತ್ತದೆಂದು ಅಳೆಯಬಹುದು ಎಂದಾಗ ಎಲ್ಲರಿಂದ ಬಂದ ಆಕ್ಷೇಪ ಒಂದೇ: ‘ಕವರ್‌ಸ್ಲಿಪ್ (ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು) ಒತ್ತಿದರೆ ಕೋಶಕ್ಕೆ ಪೆಟ್ಟು, ಒತ್ತದಿದ್ದರೆ ಅದು ನಿಲ್ಲುವುದೇ ಇಲ್ಲ. ನೀವು ಅಳೆಯುವುದೆಲ್ಲ ಒತ್ತಡದ ಪರಿಣಾಮ.’ ಆಕ್ಷೇಪದಲ್ಲಿ ಹುರುಳಿದೆ. ನನ್ನ ಉತ್ತರ ಇಷ್ಟೆ: ಒಂದೇ ಕೋಶವನ್ನು ಹಿಡಿದಿಟ್ಟು, ಸುತ್ತಲಿನ ದ್ರಾವಣ ಬದಲಿಸಿ, ಕೊನೆಗೆ ಮೊದಲಿನ ದ್ರಾವಣಕ್ಕೇ ವಾಪಸ್ ತರಬೇಕು. ಮಿಡಿತ ಮೊದಲಿನ ಲೆಕ್ಕಕ್ಕೆ ಶೇ. 10ರೊಳಗೆ ಮರಳಿದರೆ ಆ ಕೋಶದ ಅಂಕಿ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಬಿಡುತ್ತೇನೆ. ಒತ್ತಡದಿಂದ ಕೆಟ್ಟ ಕೋಶ ಸಾಮಾನ್ಯವಾಗಿ ಹಾಗೆ ಮರಳುವುದಿಲ್ಲ.

ಕೋಶವನ್ನು ನಿಲ್ಲಿಸುವುದೇ ಅರ್ಧ ಕೆಲಸ. ನೀರನ್ನು ಅಂಟಾಗಿಸುವ ಮೀಥೈಲ್ ಸೆಲ್ಯುಲೋಸ್ ಚಿತ್ರ ತೆಗೆಯಲು ಸರಿ, ಈ ಕೆಲಸಕ್ಕೆ ಬೇಡ. ಶೇ. 2ರ ದ್ರಾವಣದಲ್ಲಿ ಕೋಶ ನಿಧಾನವಾಗುತ್ತದೆ ನಿಜ, ಆದರೆ ಆ ಅಂಟನ್ನು ತೊಳೆದು ಬೇರೆ ದ್ರಾವಣ ಹರಿಸಲು ಆಗುವುದಿಲ್ಲ. ಹತ್ತಿಯ ಎಳೆ ಹಾಕಿದರೆ ಕೋಶ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ, ದ್ರಾವಣ ಹರಿಸಿದ ಕೂಡಲೇ ತಪ್ಪಿಸಿಕೊಂಡು ಹೋಗುತ್ತದೆ. ಕೂದಲನ್ನು ಅಡಿಗೆ ಇಟ್ಟರೆ ಸ್ಲೈಡಿಗೂ ಮೇಲಿನ ಗಾಜಿಗೂ ನಡುವಿನ ಸಂದು 70 ಮೈಕ್ರೊಮೀಟರ್ ಆಸುಪಾಸು ಬರುತ್ತದೆ, ಕೋಶ ಅಡಿಯಲ್ಲಿ ಆರಾಮವಾಗಿ ಈಜಾಡುತ್ತದೆ. ಬೇಕಾದ ಸಂದು ಸುಮಾರು 35ರಿಂದ 40. ಅದಕ್ಕಿಂತ ಕಡಿಮೆಯಾದರೆ ಕೋಶದ ಅಂಚಿನಲ್ಲಿ ಗುಳ್ಳೆ ಏಳುತ್ತದೆ, ರಸದಾನಿ ಊದಿಕೊಂಡೇ ಉಳಿದು ಖಾಲಿಯಾಗುವುದಿಲ್ಲ. ಅದು ಸಾಯುವ ಕೋಶ.

ನಾನು ಮಾಡುವುದು ಹೀಗೆ. 22 ಮಿ.ಮೀ. ಕವರ್‌ಸ್ಲಿಪ್ಪಿನ ಎದುರುಬದುರಿನ ಎರಡು ಅಂಚಿಗೆ ಮಾತ್ರ ವ್ಯಾಸಲೀನ್ ಎಳೆ, ಉಳಿದೆರಡು ಅಂಚು ತೆರೆದಿರಬೇಕು. ಹನಿ ಇಟ್ಟು ಕವರ್‌ಸ್ಲಿಪ್ ಮುಚ್ಚಿ, 10x ಅಡಿಯಲ್ಲಿ ನೋಡುತ್ತಲೇ ವ್ಯಾಸಲೀನ್ ಅಂಚನ್ನು ಸೂಜಿಯ ಹಿಂಬದಿಯಿಂದ ಮೆಲ್ಲಗೆ ಒತ್ತುತ್ತಾ ಬರಬೇಕು. ಕೋಶದ ಸಿಲಿಯಾ (ಈಜಲು ಬಳಸುವ ಕಿರುಗೂದಲು) ಆಡುತ್ತಲೇ ಇದ್ದು ದೇಹ ಮಾತ್ರ ಮುಂದೆ ಸಾಗದಿದ್ದರೆ ಒತ್ತಡ ಸರಿಯಾಗಿದೆ. ನಂತರ ತೆರೆದ ಒಂದು ಬದಿಗೆ ಹೊಸ ದ್ರಾವಣದ ಹನಿ, ಇನ್ನೊಂದು ಬದಿಗೆ ಫಿಲ್ಟರ್ ಪೇಪರಿನ ತುಂಡು. ಮೂರು ನಾಲ್ಕು ಹನಿ ದಾಟಿಸಿದರೆ ಒಳಗಿನ ದ್ರವ ಪೂರಾ ಬದಲಾಗುತ್ತದೆ. ಪೇಪರ್ ಜೋರಾಗಿ ಎಳೆದರೆ ಕವರ್‌ಸ್ಲಿಪ್ ಕೆಳಗೆ ಕೂತು ಕೋಶ ಒಡೆಯುತ್ತದೆ. ಈಗ ಸಂದು ಸ್ಥಿರವಾಗಿರಲೆಂದು ವ್ಯಾಸಲೀನ್ ಒಳಗೊಂದು ಪದಾರ್ಥ ಬೆರೆಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ದ್ರಾವಣವನ್ನು ಗಾಢವಾಗಿಸಲು ಉಪ್ಪು ಬೇಡ. ಸೋಡಿಯಂ ಕ್ಲೋರೈಡ್ ಎರಡು ಅಯಾನಾಗಿ ಒಡೆಯುವುದರಿಂದ ಕಣಗಳ ಲೆಕ್ಕ ಇಮ್ಮಡಿಯಾಗುತ್ತದೆ, ಮೇಲಾಗಿ ಅಯಾನುಗಳು ಪೊರೆಯ ವಿದ್ಯುತ್ ಸ್ಥಿತಿಯನ್ನೂ ಕದಲಿಸುತ್ತವೆ. ಪೊಟ್ಯಾಸಿಯಂ ಹೆಚ್ಚಿದರಂತೂ ಕೋಶ ಹಿಂದಕ್ಕೆ ಈಜಲು ತೊಡಗುತ್ತದೆ. ಸಕ್ಕರೆ ಪರವಾಗಿಲ್ಲ, ಆದರೆ ರಾತ್ರಿ ಇಟ್ಟರೆ ಬ್ಯಾಕ್ಟೀರಿಯಾ ತುಂಬಿ ಮೊಸರಾದಂತೆ ಕದಡುತ್ತದೆ. ಸಕ್ಕರೆಯಂಥದ್ದೇ ಆದ ಸಾರ್ಬಿಟಾಲ್ ಇವೆರಡಕ್ಕಿಂತ ಮೇಲು. 3.64 ಗ್ರಾಂ ಸಾರ್ಬಿಟಾಲ್ ಕರಗಿಸಿ ಡಿಸ್ಟಿಲ್ಡ್ ವಾಟರ್ ಸೇರಿಸಿ 100 ಮಿ.ಲೀ. ಮಾಡಿದರೆ 200 ಮಿಲಿಮೋಲಾರ್ (ಸಾಂದ್ರತೆಯ ಅಳತೆ) ಸ್ಟಾಕ್, ಅಂದರೆ ಮೂಲ ದ್ರಾವಣ, ಸಿದ್ಧ. ಪ್ರತಿ ಸಲವೂ ಸೋಸಿದ ಕಲ್ಚರ್ ದ್ರವ (ಕೋಶಗಳನ್ನು ಬೆಳೆಸಿದ ನೀರು) 5 ಮಿ.ಲೀ. ಇರಲೇಬೇಕು, ಉಳಿದ 5 ಮಿ.ಲೀ.ನಲ್ಲಿ ಸ್ಟಾಕ್ ಮತ್ತು ನೀರಿನ ಪಾಲು ಬದಲಾಗಲಿ. 40 ಮಿಲಿಮೋಲಾರ್ ಬೇಕಾದರೆ ಸ್ಟಾಕ್ 2, ನೀರು 3. 80ಕ್ಕೆ ಸ್ಟಾಕ್ 4, ನೀರು 1. ಸೊನ್ನೆಗೆ ಬರೀ ನೀರು 5. ಬಹಳ ಮಂದಿ ಸೊನ್ನೆಗೆ ನೇರ ಕಲ್ಚರ್ ದ್ರವವನ್ನೇ ಬಳಸುತ್ತಾರೆ. ಆಗ ಅದರಲ್ಲಿರುವ ಲವಣಗಳು ಉಳಿದ ದ್ರಾವಣಗಳಲ್ಲಿರುವುದರ ಎರಡರಷ್ಟಾಗಿ ಹೋಲಿಕೆಯೇ ಕೆಡುತ್ತದೆ.

ಹಣ ಹೆಚ್ಚು ಪೋಲಾಗಿದ್ದು ಮೀಥೈಲ್ ಸೆಲ್ಯುಲೋಸಿಗೆ ಮತ್ತು ಐಪೀಸಿಗೆ ಸಿಕ್ಕಿಸುವ ಅಗ್ಗದ ಕ್ಯಾಮೆರಾಕ್ಕೆ. ಸೆಕೆಂಡಿಗೆ 30 ಫ್ರೇಮಿನ ಮೊಬೈಲ್ ವಿಡಿಯೊ ಅದಕ್ಕಿಂತ ಎಷ್ಟೋ ಸ್ಪಷ್ಟ. ನಿಜವಾಗಿ ಕೊಳ್ಳಬೇಕಾದದ್ದು 1 ಮಿ.ಮೀ.ಯನ್ನು ನೂರು ಭಾಗ ಮಾಡಿದ ಸ್ಟೇಜ್ ಮೈಕ್ರೊಮೀಟರ್ (ಅಳತೆಪಟ್ಟಿ ಇರುವ ಸ್ಲೈಡ್) ಒಂದೇ. ನಾಲ್ಕು ಜನ ಸೇರಿ ಕೊಂಡರೂ ನಡೆಯುತ್ತದೆ. ಹ್ಯಾಲೊಜನ್ ದೀಪ ಇದ್ದರೆ ಎಲ್‌ಇಡಿಗೆ ಬದಲಿಸಿ. ದೀಪದ ಕಾವಿಗೆ ಸ್ಲೈಡ್ ಕೆಲವು ಡಿಗ್ರಿ ಬಿಸಿಯಾದರೆ ಸಾಕು, ಮಿಡಿತ ತಾನಾಗಿ ಚುರುಕಾಗಿ ನಿಮ್ಮ ಸಾರ್ಬಿಟಾಲ್ ಪರಿಣಾಮವನ್ನು ಮುಚ್ಚಿಹಾಕುತ್ತದೆ. ತೆರೆದ ಅಂಚಿನಿಂದ ನೀರು ಆರುವುದೂ ಅಷ್ಟೇ ಅಪಾಯ. ಕೆಲವು ನಿಮಿಷಕ್ಕೊಮ್ಮೆ ಅದೇ ದ್ರಾವಣದ ಹನಿ ಕೊಡುತ್ತಿರಬೇಕು.

40x ಅಡಿಯಲ್ಲಿ ಕಂಡೆನ್ಸರ್ ಡಯಾಫ್ರಂ (ಕೆಳಗಿನಿಂದ ಬೆಳಕು ಬಿಡುವ ಕಿಂಡಿ) ಕಿರಿದು ಮಾಡಿದರೆ ರಸದಾನಿ ಎದ್ದು ಕಾಣುತ್ತದೆ. ಸುತ್ತಲಿನ ಕಿರುನಾಳಗಳು ಮೊದಲು ತುಂಬಿ ನಕ್ಷತ್ರದಂತೆ ಹರಡುತ್ತವೆ, ಅವು ಸೊರಗುತ್ತಿದ್ದಂತೆ ನಡುವಿನ ಗುಳ್ಳೆ ಬೆಳೆಯುತ್ತದೆ, ಒಂದು ಕ್ಷಣ ದುಂಡಗೆ ನಿಂತು ಫಕ್ಕನೆ ಮಾಯವಾಗುತ್ತದೆ. ಮಾಯವಾಗುವ ಮುಂಚಿನ ಫ್ರೇಮಿನಲ್ಲಿ ವ್ಯಾಸ ಅಳೆಯಿರಿ. ಅಂಡಾಕಾರ ಕಂಡರೆ ಕೋಶ ಓರೆಯಾಗಿದೆ, ಬಿಟ್ಟುಬಿಡಿ. ವ್ಯಾಸದಲ್ಲಿ ಶೇ. 10 ತಪ್ಪಿದರೆ ಗಾತ್ರದಲ್ಲಿ ಶೇ. 33 ತಪ್ಪುತ್ತದೆ, ಹಾಗಾಗಿ ಸತತ ಐದು ಮಿಡಿತದ ಸರಾಸರಿ ಬೇಕು. ಬರೀ ಮಿಡಿತ ಎಣಿಸಿ ತೀರ್ಪು ಕೊಡುವವರಿಗೆ ನನ್ನ ತಕರಾರು ಇರುವುದೂ ಇಲ್ಲೇ. ಮಿಡಿತ ನಿಧಾನವಾಗಿ ಗುಳ್ಳೆ ದೊಡ್ಡದಾದರೆ ಹೊರಹೋಗುವ ನೀರು ಅಷ್ಟೇ ಇರಬಹುದು.

ನೆನಪಿನಿಂದ ಹೇಳುವುದಾದರೆ, 25 ಡಿಗ್ರಿ ಆಸುಪಾಸಿನಲ್ಲಿ ಸೊನ್ನೆ ದ್ರಾವಣದಲ್ಲಿ ಸುಮಾರು 10 ಸೆಕೆಂಡಿಗೊಂದು ಮಿಡಿತ, ವ್ಯಾಸ 12 ಮೈಕ್ರೊಮೀಟರ್. ಅಂದರೆ ಒಂದು ಸಲಕ್ಕೆ 0.9 ಪಿಕೊಲೀಟರ್ (ಲೀಟರಿನ ಲಕ್ಷ ಕೋಟಿಯ ಒಂದು ಭಾಗ ಒಂದು ಪಿಕೊಲೀಟರ್), ನಿಮಿಷಕ್ಕೆ 5.4. ಮುಂದೊಂದು, ಹಿಂದೊಂದು ರಸದಾನಿ ಇರುವುದರಿಂದ, ಎರಡನ್ನೂ ಸಮ ಎಂದಿಟ್ಟುಕೊಂಡರೆ, 200 ಮೈಕ್ರೊಮೀಟರ್ ಉದ್ದ 50 ಅಗಲದ ಕೋಶ ತನ್ನ ಇಡೀ ಗಾತ್ರದಷ್ಟು ನೀರನ್ನು ಅರ್ಧ ಗಂಟೆಯೊಳಗೇ ಹೊರಚೆಲ್ಲುತ್ತದೆ! 40ರಲ್ಲಿ ಮಿಡಿತದ ಅಂತರ 16 ಸೆಕೆಂಡಿಗೆ ಹೋಯಿತು. 80ರಲ್ಲಿ ಅರ್ಧ ನಿಮಿಷ, ವ್ಯಾಸ 11, ಹೊರಹೋಗುವ ನೀರು ಕಾಲು ಭಾಗಕ್ಕೆ ಇಳಿಕೆ. ಸೊನ್ನೆಗೆ ಮರಳಿಸಿದಾಗ ಮತ್ತೆ ಹತ್ತು ಹನ್ನೊಂದು ಸೆಕೆಂಡ್. ಈ ಮರಳುವಿಕೆಯ ವಿಡಿಯೊ ನೋಡಿದ ಮೇಲೆ ಒತ್ತಡದ ಮಾತು ಯಾರೂ ಎತ್ತಲಿಲ್ಲ.

ಪಕ್ಕದ ಪ್ರಯೋಗ ಒಂದೆರಡು. ಕೋಶಗಳನ್ನು 80ರಲ್ಲೇ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಮಿಡಿತ ಗಣನೀಯವಾಗಿ ಚೇತರಿಸಿಕೊಂಡಿರುತ್ತದೆ. ಕೋಶ ತನ್ನ ಒಳಗಿನ ಸಾಂದ್ರತೆಯನ್ನೇ ಏರಿಸಿಕೊಂಡಿದೆ ಎಂದರ್ಥ. ಆದ್ದರಿಂದ ಅಳತೆ ಆ ದಿನವೇ ಮುಗಿಯಬೇಕು. ಕೆಂಪು ಈರುಳ್ಳಿಯ ಸಿಪ್ಪೆಯನ್ನೂ ಸೊನ್ನೆ ದ್ರಾವಣದಲ್ಲಿ ಇಟ್ಟು ನೋಡಿದೆ. ಅಲ್ಲಿ ನೀರು ಹೊರಹಾಕುವ ಪಂಪೇ ಇಲ್ಲ, ಗಟ್ಟಿ ಕೋಶಭಿತ್ತಿ ಒಳಬಂದ ನೀರಿನ ಒತ್ತಡವನ್ನು ತಡೆದುಕೊಂಡು ನಿಲ್ಲುತ್ತದೆ. ಹಿಂದಿನ ರಸದಾನಿ ಮುಂದಿನದಕ್ಕಿಂತ ತುಸು ಬೇಗ ಮಿಡಿಯುವುದು ಸಾಮಾನ್ಯ. ಯಾವುದನ್ನು ಅಳೆದಿರಿ ಎಂದು ಬರೆದಿಡದಿದ್ದರೆ ಎರಡು ಕೋಶಗಳ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ.