ಎರಡನೇ ಸಿಲಿಂಡರಿನ ಕಾಯಿಲ್ ನಾನೇ ಬದಲಿಸಿದೆ

ಶಿರಾಡಿ ಘಾಟಿ ಹತ್ತುವಾಗ ಕಾರು ಜಗ್ಗತೊಡಗಿತು. ಚೆಕ್ ಎಂಜಿನ್ ದೀಪ ಮಿಣುಕುತ್ತಿತ್ತು. ಹೀಗಾದಾಗ ಜೋರಾಗಿ ಓಡಿಸಬಾರದು. ಉರಿಯದ ಪೆಟ್ರೋಲ್ ಹೊಗೆ ಕೊಳವೆಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ. ನಿಧಾನವಾಗಿ ಮನೆ ಸೇರಿದೆ.

ಕಾರಿನ ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರ್ ಹಾಕಿದರೆ ಪಿ0302 ಬಂತು. ಎರಡನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಅಂದರೆ ಮಿಸ್‌ಫೈರ್. ಕಿಡಿಗೆ ಕರೆಂಟ್ ಕೊಡುವ ಕಾಯಿಲೋ, ಕಿಡಿ ಹಾರಿಸುವ ಪ್ಲಗ್ಗೋ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೋ ಅಂತ ಕೋಡ್ ಹೇಳುವುದಿಲ್ಲ. ಹಾಗಾಗಿ ಸುಮ್ನೆ ಹೊಸ ಕಾಯಿಲ್ ತರಬೇಡಿ. ನಾನು ಎರಡನೇ ಮತ್ತು ಮೂರನೇ ಕಾಯಿಲ್‌ಗಳನ್ನು ಅದಲುಬದಲು ಮಾಡಿದೆ. ಕೋಡ್ ಅಳಿಸಿ, ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದೆ. ಈಗ ಪಿ0303, ಅಂದರೆ ಮೂರನೇ ಸಿಲಿಂಡರ್! ತೊಂದರೆ ಕಾಯಿಲಿನ ಜೊತೆಗೇ ಹೋಗಿತ್ತು, ಅಲ್ವಾ?

ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆ. ಕಾಯಿಲಿನ ಕನೆಕ್ಟರಿನ ಲಾಕ್ ಬಗ್ಗೆ ಹುಷಾರು. ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ಕು, ಜೋರಾಗಿ ಎಳೆದರೆ ಮುರಿಯುತ್ತದೆ. 10 ಎಂಎಂ ಬೋಲ್ಟ್ ತೆಗೆದು, ಕೆಟ್ಟ ಕಾಯಿಲನ್ನು ಸ್ವಲ್ಪ ತಿರುಗಿಸುತ್ತಾ ಮೇಲಕ್ಕೆತ್ತಿದೆ. ಪ್ಲಗ್ಗಿನ ಮೇಲೆ ಕೂರುವ ಅದರ ರಬ್ಬರ್ ಬೂಟಿನಲ್ಲಿ ಸಣ್ಣ ಬಿರುಕು ಕಾಣಿಸಿತು. ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ಇರಲಿಲ್ಲ, ಪುಣ್ಯ. ಇದ್ದಿದ್ದರೆ ಮೊದಲು ಆ ಗುಂಡಿಯ ಸೀಲ್ ಬದಲಿಸಬೇಕಿತ್ತು. ಇಲ್ಲದಿದ್ದರೆ ಹೊಸ ಕಾಯಿಲೂ ಬೇಗ ಹಾಳಾಗುತ್ತದೆ.

ಹೊಸದನ್ನು ಕೂರಿಸಿ ಬೋಲ್ಟ್ ಹದವಾಗಿ ಬಿಗಿದೆ. ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಸದ್ದು ಒಂದೇ ಸಮನಾಯಿತು.